ಕೆಟಲಿನ ತೊಂಬತ್ಮೂರು, ಬೀಗಿತ್ತಿಯ ಗಿಂಡಿ

ನೀರು ಕುದಿಯುವುದು ನೂರು ಡಿಗ್ರಿಗೆ ಎಂದು ಶಾಲೆಯಲ್ಲಿ ಕಲಿತದ್ದನ್ನೇ ನಂಬಿಕೊಂಡವರು ದಾವಣಗೆರೆಯಲ್ಲಿ ಕಾಫಿ ಅಂಗಡಿ ಇಡಬಾರದು. ನಮ್ಮ ಸೀಮೆ ಸಮುದ್ರಮಟ್ಟದಿಂದ ಹತ್ತಿರಹತ್ತಿರ ಆರುನೂರು ಮೀಟರ್ ಮೇಲಿದೆ. ಇಲ್ಲಿ ನೀರು ತೊಂಬತ್ತೆಂಟಕ್ಕೇ ಕುದಿಯುತ್ತದೆ. ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಹರಿಹರದ ನಮ್ಮ ಓಣಿಯಲ್ಲಿ ನಾನು ಬರುವುದು ಕಂಡರೆ ಚಹಾ ಕುಡಿಯುತ್ತಿರುವವರು ಲೋಟ ಬೇಗ ಖಾಲಿ ಮಾಡಿ ಏಳುತ್ತಾರೆ. ಗೇಜು, ಥರ್ಮಾಮೀಟರುಗಳನ್ನು ರಿಪೇರಿ ಮಾಡುವುದು, ಅವು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಪರೀಕ್ಷಿಸುವುದು ನನ್ನ ಕೆಲಸ. ಮಲೆಬೆನ್ನೂರಿನ ಎಷ್ಟೋ ಅಕ್ಕಿ ಗಿರಣಿಗಳ ಬಾಯ್ಲರಿಗೆ ನಾನೇ ವೈದ್ಯ. ಬಿಸಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ ಎಂಬ ಜಂಬ ನನಗಿತ್ತು. ಈಗಲೂ ಇದೆ, ಸ್ವಲ್ಪ ಇಳಿದಿದೆ ಅಷ್ಟೆ. ಅದು ಇಳಿದದ್ದು ಕಳೆದ ಬೇಸಿಗೆಯಲ್ಲಿ, ನನ್ನ ತಂಗಿಯ ಮಗಳ ಅಂಗಡಿಯಲ್ಲಿ.

ಅವಳ ಗಂಡನ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಅವರದು ತಲೆಮಾರುಗಳ ಮಂಡಕ್ಕಿ ವ್ಯಾಪಾರ. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಮೊದಲು ಮಂಡಕ್ಕಿ ಚೀಲಗಳಿರುತ್ತಿದ್ದವು. ಅದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಎರಡು ಬೆಂಚು ಹಾಕಿ ಅವಳು ಕಾಫಿ ಅಂಗಡಿ ತೆರೆದಿದ್ದಳು. ಹಾಲು ಸಕ್ಕರೆಯ ಕಾಫಿ ಅಲ್ಲ. ಪಿಂಗಾಣಿಯ ಲಾಳಿಕೆಯಂಥ ಒಂದು ಡ್ರಿಪ್ಪರ್, ಅದರೊಳಗೆ ಫಿಲ್ಟರ್ ಕಾಗದ, ಕಾಗದದಲ್ಲಿ ಹದಿನೈದು ಗ್ರಾಂ ಪುಡಿ. ಮೇಲಿಂದ ಉದ್ದ ಮೂತಿಯ ಕೆಟಲಿನಿಂದ ಸಣ್ಣ ಧಾರೆಯಾಗಿ ಬಿಸಿನೀರು. ಮೂರು ನಿಮಿಷದಲ್ಲಿ ಕೆಳಗಿನ ಗಾಜಿನ ಪಾತ್ರೆಗೆ ತಿಳಿಯಾದ ಕರಿ ಕಾಫಿ ಇಳಿಯುತ್ತದೆ. ಬೆಣ್ಣೆ ದೋಸೆ ತಿಂದು ಗಟ್ಟಿ ಕಾಫಿ ಕುಡಿಯುವ ಊರಲ್ಲಿ ಇದನ್ನು ಯಾರು ಕುಡಿಯುತ್ತಾರೆ ಎಂದು ನಾನೇ ಕೇಳಿದ್ದೆ. ಕುಡಿಯುವವರು ಬರುತ್ತಿದ್ದರು: ಕಾಲೇಜಿನ ಮೇಷ್ಟ್ರುಗಳು, ಬ್ಯಾಂಕಿನವರು, ಸಕ್ಕರೆ ಕಾಯಿಲೆಯಿಂದ ಬೇರೆ ದಾರಿ ಕಾಣದವರು.

ಏಪ್ರಿಲ್ ಮೊದಲ ವಾರ ಅವಳು ಫೋನ್ ಮಾಡಿದಳು. ದನಿ ಚಿಕ್ಕದಾಗಿತ್ತು.

"ಮಾವ, ಬೀಜ ಕಳಿಸೋರು ಇನ್ನು ಕಳಿಸಲ್ಲ ಅಂತಾರೆ. ಕಾಫಿ ಹುಳಿ ಬರ್ತೈತೆ ಅಂತ ಇಲ್ಲಿಂದ ಯಾರೋ ಅವರಿಗೆ ಹೇಳ್ಯಾರೆ. ಹದಿನೈದು ದಿನಕ್ಕೆ ಬಂದು ತಾವೇ ಕುಡಿದು ನೋಡ್ತಾರಂತೆ."

ಬೀಜ ಕಳಿಸುವವರು ಘಟ್ಟದ ಕಡೆಯ ಒಬ್ಬ ಬೆಳೆಗಾರರು. ತಮ್ಮ ತೋಟದ ಬೀಜವನ್ನು ತಾವೇ ಹುರಿದು, ತಮಗೆ ನಂಬಿಕೆ ಬಂದ ಐದಾರು ಅಂಗಡಿಗಳಿಗೆ ಮಾತ್ರ ಕೊಡುತ್ತಿದ್ದರು.

"ಅವರು ಬಿಟ್ಟರೆ ಬೇರೆಯವರ ಬೀಜ ತರಿಸು," ಎಂದೆ.

"ಬೀಜ ಎಲ್ಲಿ ಬೇಕಾದ್ರೂ ಸಿಗ್ತಾವೆ ಮಾವ. ಅವರು ಬಿಟ್ರು ಅಂದ್ರೆ ಈಕಿಗೆ ಕಾಫಿ ಮಾಡಾಕೆ ಬರಲ್ಲ ಅಂತ ಹೆಸರಾಗ್ತೈತೆ. ಆಮೇಲೆ ಈ ಕೋಣೆಗೆ ಮಂಡಕ್ಕಿ ಚೀಲನೇ ವಾಪಸ್ ಬರೋದು."

ಎಂಟು ತಿಂಗಳು ಕಷ್ಟಪಟ್ಟು ಕಲಿತ ಹುಡುಗಿ ಅವಳು. ನನಗೆ ಸಂಕಟವಾಯಿತು. ಜೊತೆಗೆ, ಸುಳ್ಳೇಕೆ ಹೇಳಲಿ, ಸ್ವಲ್ಪ ಹುರುಪೂ ಬಂತು. ಹುಳಿ ಎಂದರೆ ನೀರಿನ ಬಿಸಿ ಕಡಿಮೆ ಎಂದು ಬೆಳೆಗಾರರೇ ಹೇಳಿದ್ದರಂತೆ. ಬಿಸಿ ತಾನೆ? ಅದು ನನ್ನ ಹೊಲ. ಚೀಲಕ್ಕೆ ಮೀಟರು ಹಾಕಿಕೊಂಡು ಮರುದಿನವೇ ಬಸ್ಸು ಹತ್ತಿದೆ.

ಅಂಗಡಿಯ ಕೌಂಟರಿನ ಒಂದು ತುದಿಯಲ್ಲಿ ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಕುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು. ಹಣೆ ತುಂಬ ವಿಭೂತಿ, ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ್ದೇ. ಅವರ ಪಕ್ಕದಲ್ಲಿ ಮರಳಿನ ಮೇಲೆ ಮಣ್ಣಿನ ಕೊಡ, ಕೊಡದ ಮುಚ್ಚಳದ ಮೇಲೆ ಒಂದು ಹಿತ್ತಾಳೆ ಗಿಂಡಿ.

"ಬರ್ರಿ ಬೀಗ್ರೇ, ಕೂಡ್ರಿ. ಬಿಸಿಲಾಗ ಬಂದೀರಿ, ಮೊದ್ಲು ನೀರು ಕುಡೀರಿ," ಎಂದು ಗಿಂಡಿ ತುಂಬಿ ಕೊಟ್ಟರು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಹೊಟ್ಟೆ ತಂಪಾಯಿತು. ನಾನು ಹುಡುಕಿಕೊಂಡು ಬಂದ ಕಳ್ಳನ ಕೈಯಿಂದಲೇ ನೀರು ಇಸಿದುಕೊಂಡು ಕುಡಿದದ್ದು ನನಗೆ ತಿಳಿದದ್ದು ಹತ್ತು ದಿನಗಳ ನಂತರ.

ಮೊದಲ ದಿನದ ಕೆಲಸ ಕ್ರಮವಾಗಿಯೇ ನಡೆಯಿತು. ಐಸು ಪುಡಿ ಮಾಡಿ ಫ್ಲಾಸ್ಕಿಗೆ ತುಂಬಿ ನನ್ನ ಮೀಟರಿನ ಕಡ್ಡಿ ಅದ್ದಿದೆ, ಸೊನ್ನೆ ತೋರಿಸಿತು. ಕುದಿಯುವ ನೀರಿಗೆ ಅದ್ದಿದೆ; ತೊಂಬತ್ತೆಂಟು. ಅಂದರೆ ನನ್ನ ಮೀಟರು ಸತ್ಯವಂತ. ಈಗ ಕೆಟಲಿನ ಸರದಿ. ಅದರ ಬುಡದ ಪರದೆಯಲ್ಲಿ ತೊಂಬತ್ಮೂರು ಎಂದು ಬಂದಾಗ ಒಳಗಿನ ನೀರು ನಿಜವಾಗಿ ತೊಂಬತ್ತೇ ಇತ್ತು. ಬಿಸಿ ಅಳೆಯುವ ಗುಂಡಿ ತಳದ ತಟ್ಟೆಗೆ ಅಂಟಿಕೊಂಡಿದ್ದರೆ ಹೀಗಾಗುತ್ತದೆ: ತಟ್ಟೆಯ ಬಿಸಿಯನ್ನೇ ನೀರಿನ ಬಿಸಿ ಎಂದು ಓದುತ್ತದೆ. ಪರದೆಯಲ್ಲಿ ತೊಂಬತ್ತಾರಕ್ಕೆ ಇಟ್ಟರೆ ನೀರು ತೊಂಬತ್ಮೂರಕ್ಕೆ ಬರುತ್ತದೆಂದು ಲೆಕ್ಕ ಹಾಕಿ, ಕೌಂಟರಿನ ಗೋಡೆಗೆ ಚೀಟಿ ಅಂಟಿಸಿದೆ. ಅಷ್ಟರಲ್ಲಿ ಮಧ್ಯಾಹ್ನದ ಎರಡಾಗಿತ್ತು. ಬೀಗಿತ್ತಿ ಊಟ ಮುಗಿಸಿ ಒಳಗೆ ಒರಗಿದ್ದರು, ಗಿರಾಕಿಗಳಿರಲಿಲ್ಲ. ತಂಗಿಯ ಮಗಳು ನನಗಾಗಿ ಒಂದು ಕಪ್ಪು ಮಾಡಿದಳು. ಹುಳಿಯೂ ಇಲ್ಲ, ಕಹಿಯೂ ಇಲ್ಲ. ಕೊನೆಯಲ್ಲಿ ಬೆಲ್ಲದಂಥ ಒಂದು ಸಣ್ಣ ಸಿಹಿ.

ನಾನು ಅಲ್ಲಿಂದಲೇ ಬೆಳೆಗಾರರಿಗೆ ಫೋನ್ ಹಚ್ಚಿಸಿದೆ. "ಸರ್, ಕೆಟಲಿನಲ್ಲಿ ಮೂರು ಡಿಗ್ರಿ ಸುಳ್ಳಿತ್ತು, ಹಿಡಿದಿದ್ದೇನೆ. ಇನ್ನು ಮೇಲೆ ನೀರಿನ ಬಿಸಿಗೆ ನನ್ನ ಗ್ಯಾರಂಟಿ."

ಆ ಕಡೆಯಿಂದ ನಗು ಕೇಳಿಸಿತು. "ಗ್ಯಾರಂಟಿ ಕೊಡೋರು ನೀವು, ಕುಡಿಯೋನು ನಾನು. ಬರ್ತೀನಲ್ಲ, ನೋಡೋಣ."

ಎರಡು ದಿನ ಬಿಟ್ಟು ಮತ್ತೆ ಅವಳ ಫೋನು. ಬೆಳಿಗ್ಗೆ ಬಂದ ಬ್ಯಾಂಕಿನವರು ಅರ್ಧ ಕಪ್ಪು ಬಿಟ್ಟು ಎದ್ದರಂತೆ. ಮತ್ತೆ ಹೋದೆ. ಈ ಸಲ ಬೆಳಗಿನ ಹೊತ್ತು ಅವಳ ಪಕ್ಕದಲ್ಲೇ ನಿಂತು ನೋಡಿದೆ. ಪುಡಿ ಹದಿನೈದು ಗ್ರಾಂ, ಸರಿ. ಮೊದಲ ಧಾರೆ ನಲವತ್ತು ಗ್ರಾಂ, ಮೂವತ್ತೈದು ಸೆಕೆಂಡು ಪುಡಿ ಉಬ್ಬಲು ಬಿಡುವುದು, ಸರಿ. ಆಮೇಲೆ ಸುತ್ತು ಸುತ್ತಾಗಿ ಇನ್ನೂರ ನಲವತ್ತರವರೆಗೆ, ಸರಿ. ಕೆಟಲಿನಲ್ಲಿ ನನ್ನ ಕಡ್ಡಿ ಇಳಿಬಿಟ್ಟು ಇಟ್ಟಿದ್ದೆ. ತೊಂಬತ್ಮೂರು ಬಿಟ್ಟು ಅಲುಗಲಿಲ್ಲ. ಗಿರಾಕಿಗೆ ಕೊಟ್ಟು ಉಳಿದ ಎರಡು ಗುಟುಕನ್ನು ನಾನು ಕುಡಿದೆ. ಹುಣಸೆ ಬೋಟು ನೆಕ್ಕಿದ ಹಾಗಾಯಿತು.

ಅದೇ ದಿನ ಮಧ್ಯಾಹ್ನ ಅವಳು ಮತ್ತೆ ನನಗೆ ಮಾಡಿಕೊಟ್ಟಳು. ಅಮೃತ!

ಬೆಳಿಗ್ಗೆ ಹುಳಿ, ಮಧ್ಯಾಹ್ನ ಚಲೋ. ಬೀಜ ಅದೇ, ಪುಡಿ ಅದೇ, ಕೈ ಅದೇ. ಕರೆಂಟಿನ ಏರಿಳಿತವಿರಬಹುದೆಂದು ಎರಡು ದಿನ ವೋಲ್ಟೇಜು ಬರೆದಿಟ್ಟೆ; ವ್ಯತ್ಯಾಸವಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ಹೊಸ ನೀರು ಬರುತ್ತದೆ, ಮಧ್ಯಾಹ್ನಕ್ಕೆ ಅದು ನಿಂತ ನೀರಾಗಿರುತ್ತದೆ, ದೋಷ ನೀರಿನದೇ ಎಂದು ತೀರ್ಮಾನಿಸಿದೆ. ನಮ್ಮ ಹರಿಹರದ ಹೊಳೆ ನೀರಿನಷ್ಟು ರುಚಿ ಎಲ್ಲಿದೆ ಎಂಬ ಅಭಿಮಾನ ಬೇರೆ. ಎರಡು ಕ್ಯಾನು ತುಂಬಿಸಿ ಬಸ್ಸಿನಲ್ಲಿ ಹೊತ್ತು ತಂದೆ. ಕಂಡಕ್ಟರು, "ಏನ್ರಿ ಯಜಮಾನ್ರೆ, ದಾವಣಗೆರ್‍ಯಾಗ ನೀರು ಬತ್ತೇತೇನು?" ಎಂದು ಬಸ್ಸೆಲ್ಲ ನಗಿಸಿದ. ಹೊಳೆ ನೀರಿನಲ್ಲಿ ಮಾಡಿದ ಬೆಳಗಿನ ಕಾಫಿಯೂ ಹುಳಿಯೇ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆ ನನ್ನನ್ನು ನೋಡಿಯೇ ಕಟ್ಟಿದ್ದಿರಬೇಕು.

ಆಮೇಲೆ ಮೊಂಡುತನಕ್ಕೆ ಬಿದ್ದೆ. ಹುಳಿ ಎಂದರೆ ಬಿಸಿ ಕಡಿಮೆ ತಾನೆ, ಕುದಿ ಕುದಿ ನೀರನ್ನೇ ಹಾಕು ಎಂದೆ. ಬೆಳಿಗ್ಗೆ ಹುಳಿ ಸ್ವಲ್ಪ ತಗ್ಗಿತು, ಆದರೂ ನೀರುನೀರು. ಮಧ್ಯಾಹ್ನದ ಕಾಫಿ ಬೇವಿನ ಕಷಾಯದಂತೆ ಕಹಿಯಾಯಿತು. ಇದ್ದ ಒಂದು ಒಳ್ಳೆಯ ಕಪ್ಪನ್ನೂ ಕೆಡಿಸಿದ ಕೀರ್ತಿ ನನಗೆ ಬಂತು. ತಂಗಿಯ ಮಗಳು ಕೆಟಲನ್ನು ಠಕ್ಕನೆ ಇಟ್ಟಳು.

"ಮಾವ, ಇದು ಬಾಯ್ಲರ್ ಅಲ್ಲ. ನೀವು ಬಂದು ಎಂಟು ದಿನ ಆತು. ನಂಗಿರೋದು ಇನ್ನು ಏಳು."

ಗೋಡೆಯ ಮೇಲಿನ ನನ್ನದೇ ಚೀಟಿಯನ್ನು ನೋಡುತ್ತ ನಿಂತೆ.

ಮರುದಿನ ಮಲೆಬೆನ್ನೂರಿನ ಒಂದು ಗಿರಣಿಯಿಂದ ಕರೆ. ಕುಸುಬಲಕ್ಕಿಗೆ ಭತ್ತ ನೆನೆಸುವ ತೊಟ್ಟಿಯಲ್ಲಿ ಬಿಸಿ ಸಾಲುತ್ತಿಲ್ಲ, ಗೇಜು ಕೆಟ್ಟಿರಬೇಕು ಎಂದರು. ಹೋಗಿ ಪರೀಕ್ಷಿಸಿದೆ. ಗೇಜು ಚಿನ್ನದಂತೆ ಇತ್ತು. ಗೇಜು ಸರಿ ಇದೆ, ಎಪ್ಪತ್ತು ತೋರಿಸ್ತಿದೆ ಎಂದು ಜೋರು ಮಾಡಿದೆ. ಭತ್ತ ತೋಡುವ ಹೆಂಗಸೊಬ್ಬಳು ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ಭತ್ತ ತೆಗೆದು ನನ್ನ ಅಂಗೈಗೆ ಹಾಕಿದಳು.

"ಗೇಜು ಬಿಸಿ ಐತ್ರಿ ಸಾಹೇಬ್ರೇ. ಭತ್ತ ತಣ್ಣಗ ಐತೆ. ಅನ್ನ ಆಗೋದು ಯಾವ್ದು?"

ಗೇಜು ಇದ್ದದ್ದು ತೊಟ್ಟಿಯ ಮೇಲ್ತುದಿಯಲ್ಲಿ, ಹಬೆಯ ಪೈಪು ನೀರಿಗಿಳಿಯುವ ಜಾಗದ ಪಕ್ಕದಲ್ಲಿ. ತೊಟ್ಟಿಯ ತಳದಲ್ಲಿ ಪೈಪಿನ ತೂತುಗಳು ಕಟ್ಟಿಕೊಂಡು ಹಬೆ ಭತ್ತದವರೆಗೆ ಹೋಗುತ್ತಲೇ ಇರಲಿಲ್ಲ. ಅದನ್ನು ಬಿಡಿಸಲು ಎರಡು ಗಂಟೆ ಹಿಡಿಯಿತು. ಕೈ ಕೆಲಸ ಮಾಡುತ್ತಿತ್ತು, ತಲೆ ನಿಟ್ಟುವಳ್ಳಿಯಲ್ಲಿತ್ತು. ಎಂಟು ದಿನದಿಂದ ನಾನು ಅಳೆದದ್ದು ಕೆಟಲನ್ನು. ಕಾಫಿ ಆಗುವುದು ಕೆಟಲಿನಲ್ಲಿ ಅಲ್ಲವಲ್ಲ! ಬಿಸಿಯನ್ನು ಹೊರಡುವಲ್ಲಿ ಅಳೆಯಬೇಡ, ಮುಟ್ಟುವಲ್ಲಿ ಅಳೆ ಎಂದು ಕೈಕೆಳಗಿನ ಹುಡುಗರಿಗೆಲ್ಲ ಪಾಠ ಹೇಳುವವನು ನಾನು. ಟ್ರ್ಯಾಕ್ಟರುಗಳ ನಡುವೆ ಬಸ್ಸಿಗಾಗಿ ಕಾಯುತ್ತ ನಿಂತಾಗ ನನ್ನ ಮೇಲೆ ನನಗೇ ನಾಚಿಕೆಯಾಯಿತು. ನಗುವೂ ಬಂತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅಲ್ಲಿದ್ದೆ. ಈ ಸಲ ತಂದದ್ದು ಕೂದಲಿನಷ್ಟು ತೆಳುವಾದ ತಂತಿಯ ಕಡ್ಡಿ. ಮೊದಲ ಗಿರಾಕಿ, ಒಬ್ಬ ಮೇಷ್ಟ್ರು, ಬಂದು ಕೂತರು. ಅವರ ಅಪ್ಪಣೆ ಪಡೆದು ತಂತಿಯ ತುದಿಯನ್ನು ಡ್ರಿಪ್ಪರಿನ ಪುಡಿಯೊಳಗೆ ಹೂತೆ. ಕೆಟಲಿನಲ್ಲಿ ತೊಂಬತ್ಮೂರು. ಮೊದಲ ಧಾರೆ ಬಿತ್ತು. ಮೀಟರು ಏರಿ ಏರಿ ಅರವತ್ತಾರಕ್ಕೆ ನಿಂತಿತು. ಕೊನೆಯ ಧಾರೆ ಮುಗಿದಾಗಲೂ ಎಂಬತ್ತು ಮುಟ್ಟಲಿಲ್ಲ.

ಇಪ್ಪತ್ತೇಳು ಡಿಗ್ರಿ ಒಂದು ಗೇಣು ಜಾಗದಲ್ಲಿ ಎಲ್ಲಿ ಹೋಯಿತು? ಡ್ರಿಪ್ಪರನ್ನು ಮುಟ್ಟಿ ನೋಡಿದೆ. ಕೆಳಗಿನ ದಪ್ಪ ಪಿಂಗಾಣಿ ಇನ್ನೂ ತಣ್ಣಗಿತ್ತು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ, ಗೋಡೆಗಳೇ ಬೆಚ್ಚಗಿರುವಾಗ, ಇದು ಹೇಗೆ ತಣ್ಣಗಿರಲು ಸಾಧ್ಯ?

ಮುಂದಿನ ಗಿರಾಕಿ ಬಂದಾಗ ಕೆಟಲನ್ನು ಬಿಟ್ಟು ಇಡೀ ಕೌಂಟರನ್ನು ನೋಡಿದೆ. ತಂಗಿಯ ಮಗಳು ಬೆನ್ನು ತಿರುಗಿಸಿ ಬೀಜ ತೂಗಿ ಪುಡಿ ಮಾಡುತ್ತಿದ್ದಳು. ಆಗ ಬೀಗಿತ್ತಿ ಎದ್ದರು. ಕೊಡದಿಂದ ಗಿಂಡಿ ತುಂಬಿಕೊಂಡರು. ಡ್ರಿಪ್ಪರನ್ನು ಎಡಗೈಯಲ್ಲಿ ಹಿಡಿದು ಒಳಗೆ, ಹೊರಗೆ, ಸುತ್ತ ನೀರು ಹುಯ್ದು ತೊಳೆದರು. ಫಿಲ್ಟರ್ ಕಾಗದ ಹಾಕಿ ಅದರ ಮೇಲೂ ಒಂದು ಗಿಂಡಿ ಸುರಿದು, ಬಸಿದು, ಗಿರಾಕಿಯ ಕಡೆಗೆ ಎತ್ತಿ ತೋರಿಸಿ ಕೌಂಟರಿನ ಮೇಲೆ ಇಟ್ಟರು. ಗಿರಾಕಿ ತಲೆಯಾಡಿಸಿದರು. ಹತ್ತು ದಿನ ಇದು ನನ್ನ ಕಣ್ಣೆದುರೇ ನಡೆದಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನು ನಾನೇ.

ಅವರ ಮನೆತನದ ರೂಢಿ ಅದು. ಮಂಡಕ್ಕಿ ಅಂಗಡಿಯಲ್ಲಿ ಒಗ್ಗರಣೆ ಹಾಕಿ ಕೊಡುತ್ತಿದ್ದ ಕಾಲದಿಂದಲೂ, ತಟ್ಟೆಯಾಗಲಿ ಲೋಟವಾಗಲಿ ತಿನ್ನುವವರ ಕಣ್ಣೆದುರಿಗೇ ತೊಳೆದು ಕೊಡಬೇಕು. ಒಳಗೆ ಎಷ್ಟು ತೊಳೆದಿಟ್ಟಿದ್ದರೂ ಅದು ಲೆಕ್ಕಕ್ಕಿಲ್ಲ. ಫಿಲ್ಟರ್ ಕಾಗದವನ್ನು ಮೊದಲು ನೀರಿನಲ್ಲಿ ನೆನೆಸಬೇಕು ಎಂದು ಸೊಸೆ ಶುರುವಿನಲ್ಲಿ ಹೇಳಿದ್ದನ್ನು ಅವರು ಅದೇ ಸಾಲಿಗೆ ಸೇರಿಸಿಕೊಂಡಿದ್ದರು: ಕಾಗದವನ್ನೂ ತೊಳೆಯಬೇಕು, ಮತ್ತು ತೊಳೆಯುವುದಾದರೆ ಮನೆಯ ಶ್ರೇಷ್ಠ ನೀರಿನಿಂದ, ಅಂದರೆ ಕೊಡದ ತಣ್ಣೀರಿನಿಂದ. ಕಾಗದದ ವಾಸನೆ ಹೋದರೆ ಸಾಕೆಂದು ಸೊಸೆಯೂ ಸುಮ್ಮನಿದ್ದಳು. ಆ ನೀರು ಬಿಸಿ ಇರಬೇಕು, ಡ್ರಿಪ್ಪರ್ ಕಾಯಲಿ ಎಂದೇ ಅದನ್ನು ಹಾಕುವುದು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಮಧ್ಯಾಹ್ನ ಅತ್ತೆ ಮಲಗಿದಾಗ ಮಾತ್ರ ಸೊಸೆ ಕೈಗೆ ಸಿಕ್ಕ ಕೆಟಲಿನಿಂದಲೇ ಕಾಗದ ನೆನೆಸುತ್ತಿದ್ದಳು. ಅದಕ್ಕೇ ನಮಗೆ ಅಮೃತ, ಗಿರಾಕಿಗೆ ಹುಣಸೆ.

ಕಾರಣ ಸಿಕ್ಕ ಸಂತೋಷಕ್ಕೆ ನಾನು ಕೂಗಿಬಿಡುತ್ತಿದ್ದೆ. ತಂಗಿಯ ಮಗಳು ನನ್ನ ತೋಳು ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಮಾವ, ಕೈ ಮುಗೀತೀನಿ, ಅವರ ಮುಂದ ಹೇಳಬ್ಯಾಡ್ರಿ. ಅವರು ಒಪ್ಪಿದ್ದಕ್ಕೇ ಈ ಕೋಣೆ ನಂಗೆ ಸಿಕ್ಕಿದ್ದು. ನಿಮ್ಮ ಸ್ವಚ್ಛನೇ ತಪ್ಪು ಅಂತ ಹೆಂಗೆ ಹೇಳೋದು? ಅದೂ ತೌರುಮನಿ ಕಡೆಯವರು?"

ಮಾತು ಸುಳ್ಳಲ್ಲ. ಹೆಣ್ಣು ಕೊಟ್ಟ ಕಡೆಯವನು ಬೀಗರ ಮನೆಗೆ ಬಂದು, ನಿಮ್ಮ ಯಜಮಾನಿ ಪಾತ್ರೆ ತೊಳೆಯುವುದು ಸರಿಯಿಲ್ಲ ಎಂದರೆ, ಅದು ಕಾಫಿಯ ಮಾತಾಗಿ ಉಳಿಯುವುದಿಲ್ಲ. ಹಬ್ಬ ಹುಣ್ಣಿಮೆಗಳಲ್ಲಿ ಹತ್ತು ವರ್ಷ ಆಡಿಕೊಳ್ಳುವ ಮಾತಾಗುತ್ತದೆ.

ಹಾಗಾಗಿ ಕಳ್ಳದಾರಿ ಹಿಡಿದೆವು. ಅವರು ತೊಳೆದಿಟ್ಟ ಮೇಲೆ ಸೊಸೆ ಕೆಟಲಿನಿಂದ ಇನ್ನೊಮ್ಮೆ ಬಿಸಿನೀರು ಹಾಯಿಸುವುದು. ಮೊದಲ ಕಪ್ಪಿಗೇ ಸಿಕ್ಕಿಬಿದ್ದೆವು. ಬೀಗಿತ್ತಿ ಒಂದು ಕ್ಷಣ ಸೊಸೆಯ ಕೈ ನೋಡಿದರು.

"ಯಾಕವ್ವಾ, ನಾನು ತೊಳದಿದ್ದು ಸಾಲ್ದೇನು?"

ಗಿರಾಕಿಗಳ ಎದುರಿಗೇ ಕೇಳಿದರು. ಸೊಸೆ ಏನೋ ತೊದಲಿದಳು. ಅವರು ಗಿಂಡಿಯನ್ನು ಕೊಡದ ಮೇಲೆ ಬೋರಲು ಹಾಕಿ ಒಳಗೆ ಹೋದರು. ಅಂದು ಹೊರಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಜ್ಜಿ ಎಲ್ಲಿ ಎಂದು ಗಿರಾಕಿಗಳು ಕೇಳತೊಡಗಿದರು. ಅವರಿಲ್ಲದಿದ್ದ ಆ ದಿನ ಸೊಸೆ ಬಿಸಿನೀರಲ್ಲೇ ಎಲ್ಲ ಮಾಡಿದಳು. ಪುಡಿಯ ಬಿಸಿ ಎಂಬತ್ತೆಂಟು ಮುಟ್ಟಿತು, ಕಾಫಿ ಅದ್ಭುತವಾಗಿ ಬಂತು. ಕುಡಿದವರು ಹೊಗಳಿದರು. ಆದರೆ ಅವಳ ಕಣ್ಣು ಖಾಲಿ ಕುರ್ಚಿಯ ಮೇಲೇ ಇತ್ತು.

"ಬೀಜ ಉಳಿತಾವೆ ಮಾವ," ಎಂದಳು. "ಮನಿ ಉಳೀಬೇಕಲ್ಲ."

ಬೆಳೆಗಾರರು ಬರಲು ನಾಲ್ಕು ದಿನವಿತ್ತು. ಗಿರಣಿಯ ಆ ಹೆಂಗಸು ನನ್ನ ಅಂಗೈಗೆ ಭತ್ತ ಹಾಕಿದ್ದು ನೆನಪಾಯಿತು. ಅವಳು ನನಗೆ ಬುದ್ಧಿ ಹೇಳಲಿಲ್ಲ, ನನ್ನ ಬೆನ್ನ ಹಿಂದೆ ಪೈಪು ಬಿಚ್ಚಲೂ ಇಲ್ಲ. ಮುಟ್ಟಿ ನೋಡು ಎಂದಳು, ಅಷ್ಟೆ. ಕಾರ್ಖಾನೆಯಲ್ಲೂ ಅದೇ ನಿಯಮ: ವಾಲ್ವಿನ ಮೇಲೆ ಕೈ ಇರುವವನಿಗೆ ಗೇಜು ಕಾಣಿಸುವ ಹಾಗಿರಬೇಕು. ಇಲ್ಲಿ ಕೈ ಬೀಗಿತ್ತಿಯದು, ಗೇಜನ್ನು ಮಾತ್ರ ನಾವು ಬಚ್ಚಿಟ್ಟುಕೊಂಡಿದ್ದೆವು.

ತಂಗಿಯ ಮಗಳು ಬೇಡ ಬೇಡ ಎನ್ನುತ್ತಿದ್ದಂತೆ, ಡ್ರಿಪ್ಪರು, ಮೀಟರು, ಕೆಟಲು, ಗಿಂಡಿ ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದೆ. ಬೀಗಿತ್ತಿ ನಡುಮನೆಯಲ್ಲಿ ನೆಲದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ನಾನೂ ನೆಲದ ಮೇಲೇ ಕೂತೆ.

"ಮ್ಯಾಲೆ ಕೂಡ್ರಿ ಬೀಗ್ರೇ," ಎಂದರು, ಮುಖ ಎತ್ತದೆ.

"ಇಲ್ಲ ಅಕ್ಕಾರೆ, ತಪ್ಪು ಮಾಡಿದೋನು ಕೆಳಗೇ ಕೂಡ್ಬೇಕು. ಹತ್ತು ದಿನ ಈ ಮೀಟರ್ ಹಿಡ್ಕಂಡು ಓಡಾಡೀನಿ, ನಿಮಗೊಮ್ಮೆ ತೋರಿಸ್ಲಿಲ್ಲ. ಈಗ ನೋಡ್ರಿ. ನೀವೇ ಓದ್ರಿ."

ಮೊದಲು ಕೊಡದ ನೀರಿನಲ್ಲಿ ಡ್ರಿಪ್ಪರ್ ತೊಳೆದು, ಪುಡಿ ಹಾಕಿ, ತಂತಿ ಹೂತು, ಬಿಸಿನೀರಿನ ಧಾರೆ ಬಿಟ್ಟೆ. ಅವರು ಕನ್ನಡಕ ಏರಿಸಿ ಪರದೆಗೆ ಬಾಗಿದರು. "ಅರವತ್ತು... ಅರವತ್ನಾಕು... ನಿಂತ್ಕಂತು." ಪುಡಿ ಚೆಲ್ಲಿ, ಈ ಸಲ ಡ್ರಿಪ್ಪರಿಗೂ ಕಾಗದಕ್ಕೂ ಬಿಸಿನೀರು ಹಾಕಿ ಬಸಿದು, ಮತ್ತೆ ಅದೇ ಮಾಡಿದೆ. "ಎಪ್ಪತ್ತೆಂಟು... ಎಂಬತ್ನಾಕು... ಇನ್ನೂ ಏರ್ತೈತಲ್ರಿ!" ಅವರು ಡ್ರಿಪ್ಪರಿನ ಹೊರಮೈಗೆ ಬೆರಳಿನ ಹಿಂಬದಿ ತಾಗಿಸಿ ನೋಡಿದರು.

ಆಮೇಲೆ ಹೂಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾಕು ಮಕ್ಕಳನ್ನ ಸಾಕೀನ್ರಿ ನಾನು. ಕೂಸಿನ ಹಾಲಿನ ಬಟ್ಲನ್ನ ಬಿಸಿನೀರಾಗ ತೊಳದೇ ಹಾಲು ಹಾಕ್ಬೇಕು, ಇಲ್ಲಂದ್ರೆ ಹಾಲು ಆರ್ತೈತೆ, ಅಷ್ಟು ತಿಳಿಯಲ್ಲೇನು ನಂಗೆ? ಇದು ಬಟ್ಲು ಅಂತ ಹೇಳಿದ್ರೆ ಮುಗೀತಿತ್ತು. ನೀವು ಇದನ್ನ ಜರಡಿ ಅಂತ ಹೇಳಿದ್ರಿ. ಜರಡಿ ತೊಳದಂಗ ತೊಳದೆ."

ಬಾಗಿಲಲ್ಲಿ ನಿಂತಿದ್ದ ಸೊಸೆ, "ತಪ್ಪಾತು ಅತ್ತಿ," ಎಂದಳು.

"ತಣ್ಣೀರು ಹಾಕಿದ್ದು ನನ್ನ ತಪ್ಪು, ಇರ್‍ಲಿ. ಅಡಿಗಿಮನ್ಯಾಗ ನಿಂತು ಪಿಸಪಿಸ ಅಂದ್ರಲ್ಲ ಇಬ್ರೂ, ಅದು ಬ್ಯಾಸರ ಆತು ನಂಗೆ. ನಾನೇನು ಹೊರಗಿನಾಕೀನಾ ಈ ಅಂಗಡಿಗೆ?"

ನನಗೆ ಕಣ್ಣು ತುಂಬಿ ಬಂತು. ನೆಲ ನೋಡುತ್ತ ಕೂತೆ. ಸೊಸೆ ಬಂದು ಅವರ ಪಕ್ಕ ಕೂತು, ಹೊಸೆಯದೆ ಉಳಿದಿದ್ದ ಹತ್ತಿಯನ್ನು ಕೈಗೆ ತೆಗೆದುಕೊಂಡಳು.

ಮುಂದಿನ ಮೂರು ದಿನ ನಾವು ಮಾಡಿದ್ದು ಬರೀ ಅಭ್ಯಾಸ. ತೊಳೆದು ತೋರಿಸುವುದನ್ನು ಬಿಡುವ ಮಾತೇ ಇಲ್ಲ ಎಂದರು ಬೀಗಿತ್ತಿ. ನಾನೂ ಬಿಡಿ ಎನ್ನಲಿಲ್ಲ. ತಣ್ಣೀರಿನ ಬದಲು ಬಿಸಿನೀರು, ಅಷ್ಟೇ ಬದಲಾವಣೆ. ಹಿತ್ತಾಳೆ ಗಿಂಡಿಗೆ ಕುದಿನೀರು ತುಂಬಿದರೆ ಹಿಡಿಯಲಾಗುವುದಿಲ್ಲ. ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಅದರ ಕುತ್ತಿಗೆಗೆ ಬಿಗಿಯಾಗಿ ಸುತ್ತಿದರು. ಎಷ್ಟು ನೀರು ಹಾಕಬೇಕು ಎಂದು ನಾನು ಅಳೆದು ಬರೆದುಕೊಂಡೆ: ಅರ್ಧ ಗಿಂಡಿಗೆ ಡ್ರಿಪ್ಪರಿನ ಮೇಲ್ಭಾಗ ಮಾತ್ರ ಕಾಯುತ್ತದೆ, ಒಂದು ಗಿಂಡಿಗೆ ಬುಡದವರೆಗೆ. ಬಸಿದ ಮೇಲೆ ತಡಮಾಡಿದರೆ ಫ್ಯಾನಿನ ಗಾಳಿಗೆ ಮತ್ತೆ ಆರುತ್ತದೆ; ಆದ್ದರಿಂದ ಬೀಜ ಪುಡಿಯಾಗುವ ಸದ್ದು ನಿಂತ ಮೇಲೆಯೇ ತೊಳೆಯಲು ಏಳಬೇಕು. ಈ ಕೊನೆಯ ಉಪಾಯ ಅವರದೇ. ಕೆಟಲಿನ ನೀರು ಮೊದಲಿನಂತೆ ತೊಂಬತ್ಮೂರರಲ್ಲೇ ಇತ್ತು. ಪುಡಿಯೊಳಗೆ ಎಂಬತ್ತೇಳು, ಎಂಬತ್ತೆಂಟು, ಪ್ರತಿಸಲವೂ. ಎರಡನೆಯ ದಿನದ ಹೊತ್ತಿಗೆ ಅವರು ಮೀಟರು ನೋಡುವುದನ್ನು ಬಿಟ್ಟು ಬೆರಳಿನ ಹಿಂಬದಿ ತಾಗಿಸಿ, "ಹಾಕವ್ವಾ," ಎನ್ನುತ್ತಿದ್ದರು. ನಾನು ಕದ್ದು ಮೀಟರು ನೋಡುತ್ತಿದ್ದೆ. ಅವರು ಒಮ್ಮೆಯೂ ತಪ್ಪಲಿಲ್ಲ.

"ಹೊಗೆ ಆಡ್ತೈತೆ ನೋಡ್ರಿ," ಎಂದರು ಒಮ್ಮೆ ಖುಷಿಯಾಗಿ. "ತೊಳದಿದ್ದು ಮೊದ್ಲಗಿಂತ ಚಲೋ ಕಾಣ್ತೈತೆ."

ಬೆಳೆಗಾರರು ಹೇಳಿದ ದಿನವೇ ಬಂದರು. ಬೆಳಿಗ್ಗೆ ಹತ್ತರ ಹೊತ್ತು, ಗಿರಾಕಿಗಳ ಬೆಂಚಿನಲ್ಲೇ ಕೂತರು. ಮೆಲುಮಾತಿನ ಮನುಷ್ಯ, ಕಣ್ಣು ಮಾತ್ರ ಚುರುಕು. ತಂತಿ ಹೂಳಲೇ ಎಂದು ನನ್ನ ಕೈ ತುರಿಸುತ್ತಿತ್ತು. ಬೇಡವೆಂದು ತೀರ್ಮಾನಿಸಿ ಮೀಟರನ್ನು ಚೀಲಕ್ಕೆ ಹಾಕಿ ಚೈನು ಎಳೆದೆ.

ಪುಡಿ ಮಾಡುವ ಸದ್ದು ನಿಂತಿತು. ಬೀಗಿತ್ತಿ ಎದ್ದು, ಗಿಂಡಿಯಿಂದ ಹೊಗೆಯಾಡುವ ನೀರನ್ನು ಡ್ರಿಪ್ಪರಿನ ಒಳಗೆ, ಹೊರಗೆ, ಕಾಗದದ ಮೇಲೆ ಹುಯ್ದು, ಬಸಿದು, ಎತ್ತಿ ತೋರಿಸಿದರು.

"ಬಿಸಿನೀರಲ್ಲಿ ತೊಳೀತೀರಾ?" ಎಂದು ಕೇಳಿದರು ಬೆಳೆಗಾರರು.

"ತೊಳೀತೀವಿ, ಕಾಯಿಸ್ತೀವಿ. ಎರಡೂ ಒಂದೇ ಸಲಕ್ಕ ಆಗ್ತೈತೆ." ದಿನದ ಗಿರಾಕಿಗಳಿಗೆ ಹೇಳುವ ಧಾಟಿಯಲ್ಲೇ ಹೇಳಿ, ಬೆರಳು ತಾಗಿಸಿ, "ಹಾಕವ್ವಾ," ಎಂದರು.

ಬೆಳೆಗಾರರು ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. ರಸ್ತೆಯಲ್ಲಿ ಆಟೋಗಳು ಹೋಗುವುದನ್ನು ನೋಡುತ್ತ ಕೂತರು. ಕಾಫಿ ಆರಿದ ಮೇಲೆಯೇ ಅದರ ಗುಟ್ಟು ಹೊರಬೀಳುವುದು ಎಂದು ತಂಗಿಯ ಮಗಳು ನನಗೆ ಮೊದಲೇ ಹೇಳಿದ್ದಳು. ಆದರೂ ಆ ಐದು ನಿಮಿಷ ನನಗೆ ಬಾಯ್ಲರ್ ತಪಾಸಣೆಯ ದಿನಕ್ಕಿಂತ ಉದ್ದವಾಗಿ ಕಂಡಿತು. ಅವಳು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವರು ಎರಡನೆಯ ಗುಟುಕು ಕುಡಿದರು. ಮೂರನೆಯದು. ಕಪ್ಪು ಖಾಲಿಯಾಯಿತು.

"ನನ್ನ ತೋಟದ್ದೇ ಇದು," ಎಂದರು. "ಮುಂದಿನ ತಿಂಗಳ ಬೀಜ ಕಳಿಸ್ತೀನಮ್ಮ." ಆಮೇಲೆ ನನ್ನ ಕಡೆ ತಿರುಗಿ, "ಫೋನಲ್ಲಿ ಗ್ಯಾರಂಟಿ ಕೊಟ್ಟೋರು ನೀವೇ ಅಲ್ವಾ?"

"ಕೊಟ್ಟಿದ್ದೆ ಸರ್. ಸುಳ್ಳು ಗ್ಯಾರಂಟಿ. ವಾಪಸ್ ತಗಂಡೀನಿ."

"ಮತ್ತೆ ಇದನ್ನ ಸರಿ ಮಾಡಿದ್ದು ಯಾರು?"

ತಂಗಿಯ ಮಗಳು ನನಗಿಂತ ಮೊದಲು ಬಾಯಿಬಿಟ್ಟಳು. "ನೀರು ಹಾಕಾಕಿ ನಾನ್ರಿ. ಹದ ಇಡೋರು ನಮ್ಮತ್ತಿ."

ಬೀಗಿತ್ತಿ ಆ ಮಾತು ಕೇಳಿಸದವರಂತೆ ಕೌಂಟರ್ ಒರೆಸುತ್ತಿದ್ದರು. ಬೆಳೆಗಾರರು ನಕ್ಕು ಕೈ ಮುಗಿದು, ಹಾಗಾದರೆ ಈ ಕಾಫಿ ನಿಮಗೆ ಹೇಗನಿಸುತ್ತದೆ ಅಮ್ಮಾ ಎಂದು ಅವರನ್ನೇ ಕೇಳಿದರು. ಆಗ ಗೊತ್ತಾಯಿತು: ಎಂಟು ತಿಂಗಳಲ್ಲಿ ಅವರು ಅದನ್ನು ಒಮ್ಮೆಯೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಹಾಲಿಲ್ಲದ್ದನ್ನು ಕುಡಿಯುವುದು ಕಾಯಿಲೆ ಬಂದಾಗ ಮಾತ್ರ ಎಂಬುದು ಅವರ ನಂಬಿಕೆ. ಎಲ್ಲರೂ ನೋಡುತ್ತಿರುವುದರಿಂದ ದಾರಿ ಕಾಣದೆ, ಗಾಜಿನ ಪಾತ್ರೆಯಲ್ಲಿ ಉಳಿದು ಇನ್ನೂ ಬೆಚ್ಚಗಿದ್ದ ನಾಲ್ಕು ಗುಟುಕನ್ನು ಲೋಟಕ್ಕೆ ಬಗ್ಗಿಸಿಕೊಂಡರು. ತುಟಿಗೆ ಸೋಕಿಸದೆ ಎತ್ತಿ ಬಾಯಿಗೆ ಹುಯ್ದುಕೊಂಡರು. ಮುಖ ಕಿವುಚಿತು.

"ಕಷಾಯನೇ ಬಿಡ್ರಿ," ಎಂದರು. ಲೋಟದ ತಳವನ್ನು ಅಂಗೈಗೆ ಒತ್ತಿ ಒಂದು ಕ್ಷಣ ಹಿಡಿದುಕೊಂಡರು. "ಆದ್ರೆ ಬಿಸಿ ಸರಿ ಐತೆ."